ದೇವಾಲಯವಿಲ್ಲದ ಪಟ್ಟಣ

ಪ್ರಕಟಣೆಯ ಪುಸ್ತಕವನ್ನು ಮೊದಲಿನಿಂದ ಕಡೆಯ ವರೆಗೆ ಬಿಡದೆ ಓದುವವರಿಗೆ ಒಂದು ಸಂದೇಹವು ಹುಟ್ಟದೆ ಇರಲಾರದು. ೩ನೆಯ ಅಧ್ಯಾಯದಲ್ಲಿ, ಜಯಹೊಂದುವವನನ್ನು ದೇವರ ಆಲಯದಲ್ಲಿ ಕಂಬವಾಗಿ ನಿಲ್ಲಿಸುವದಾಗಿ ಕರ್ತನು ವಾಗ್ದಾನಮಾಡುತ್ತಾನೆ. ೧೧ನೆಯ ಅಧ್ಯಾಯದ ಕೊನೆಯಲ್ಲಿ ಪರಲೋಕದ ಆಲಯವು ತೆರೆದು, ಅದರೊಳಗೆ ಒಡಂಬಡಿಕೆಯ ಮಂಜೂಷವು ಕಾಣಿಸುತ್ತದೆ. ೧೫ನೆಯ ಅಧ್ಯಾಯದಲ್ಲಿ ಅದೇ ಆಲಯವು ಹೊಗೆಯಿಂದ ತುಂಬಿ, ಯಾರಿಗೂ ಒಳಗೆ ಹೋಗಲಾಗದಂತಾಗುತ್ತದೆ. ಆದರೆ ೨೧ನೆಯ ಅಧ್ಯಾಯದಲ್ಲಿ ಹೊಸ ಯೆರೂಸಲೇಮು ಇಳಿದುಬಂದಾಗ, ಆ ಪಟ್ಟಣದಲ್ಲೆಲ್ಲಾ ಹುಡುಕಿದರೂ ದೇವಾಲಯವೆಂಬುವದೇ ತನಗೆ ಸಿಕ್ಕಲಿಲ್ಲವೆಂದು ಯೋಹಾನನು ಬರೆಯುತ್ತಾನೆ. ಹಾಗಾದರೆ ಅಷ್ಟು ಹೊತ್ತು ಕಂಡ ಆಲಯವು ಎಲ್ಲಿಗೆ ಹೋಯಿತು? ಕಂಬವಾಗುವ ವಾಗ್ದಾನವನ್ನು ಹೊಂದಿದವನು, ಆಲಯವೇ ಇಲ್ಲದ ಮೇಲೆ ಎಲ್ಲಿ ನಿಂತಾನು?

ಇದು ಪಂಡಿತರು ಮಾತ್ರವೇ ಚರ್ಚಿಸತಕ್ಕ ಪ್ರಶ್ನೆಯೆಂದು ಯಾರೂ ನೆನಸಬಾರದು. ಬೆಂಗಳೂರಿನ ಪಡುವಣ ದಿಕ್ಕಿನಲ್ಲಿ ಕೆಂಗೇರಿಯ ಸುತ್ತಣ ಗ್ರಾಮಗಳಲ್ಲಿಯೂ ವಿಜಯನಗರ, ಬಸವೇಶ್ವರನಗರ, ರಾಜಾಜಿನಗರಗಳ ಗಲ್ಲಿಗಳಲ್ಲಿಯೂ ನಮ್ಮ ಸಹೋದರರು ತಗಡಿನ ಛಾವಣಿಯ ಕೆಳಗೆ, ಬಾಡಿಗೆಯ ಕೋಣೆಗಳಲ್ಲಿ, ಕೆಲವರು ಮನೆಯ ಜಗಲಿಯ ಮೇಲೆಯೇ ಕೂಡಿ ಆರಾಧಿಸುತ್ತಾರೆ. ೧೯೯೭ರಲ್ಲಿ ರಾಜಾಜಿನಗರದ ಗುಡ್ಡದ ಮೇಲೆ ಆರಂಭವಾದ ಕೃಷ್ಣ ದೇವಸ್ಥಾನದ ಗೋಪುರಗಳನ್ನು ಅವರು ದಿನವೂ ಕಾಣುತ್ತಾರೆ. ಊರೂರಿನ ಗುಡಿಯ ತೇರು, ಜಾತ್ರೆಗಳನ್ನೂ ಕಾಣುತ್ತಾರೆ. ಎಲ್ಲರಿಗೂ ಗುಡಿಯುಂಟು, ನಮ್ಮ ದೇವರಿಗೆ ಗುಡಿಯೆಲ್ಲಿ ಎಂದು ಹುಡುಗರು ಕೇಳುವಾಗ ತಾಯಂದಿರು ಉತ್ತರ ತೋಚದೆ ಸುಮ್ಮನಾಗುತ್ತಾರೆ. ಇನ್ನೊಂದು ಕಡೆ, ಯೆರೂಸಲೇಮಿನಲ್ಲಿ ಮೂರನೆಯ ದೇವಾಲಯವು ಕಟ್ಟಲ್ಪಡಲಿದೆ, ಅದು ಕಟ್ಟಲ್ಪಟ್ಟ ಕೂಡಲೆ ಲೋಕವು ಮುಗಿಯುವದೆಂದು ವರುಷ ತಿಂಗಳುಗಳನ್ನು ಗುಣಿಸಿ ಹೇಳುವವರು ಬಂದು, ಸರಳ ಹೃದಯದವರನ್ನು ಕಳವಳಪಡಿಸುತ್ತಾರೆ. ಆದಕಾರಣ ಪರಲೋಕದ ಆಲಯವೆಂದರೆ ಏನೆಂಬದನ್ನು ನಾವು ನಿಧಾನವಾಗಿ ವಿಚಾರಿಸುವದು ಯುಕ್ತವಾಗಿದೆ.

೧. ಆಲಯವೆಂಬ ಮಾತಿನ ಅರ್ಥ

ಯೆರೂಸಲೇಮಿನ ದೇವಾಲಯವನ್ನು ನಮ್ಮ ಸೀಮೆಯವರು ಅರಿಯುವದು ಕಷ್ಟವಲ್ಲ. ನಮ್ಮ ನಾಡಿನ ದೊಡ್ಡ ಗುಡಿಗಳಲ್ಲಿ ಹೊರಗೆ ಪ್ರಾಕಾರ, ಅದರೊಳಗೆ ಮುಖಮಂಟಪ, ಆಮೇಲೆ ನವರಂಗ, ಅದರಾಚೆ ಸುಕನಾಸಿ, ಎಲ್ಲಕ್ಕೂ ಒಳಗೆ ಗರ್ಭಗುಡಿ, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಒಳಗೆ ಹೋಗುವ ಏರ್ಪಾಡು ಇದೆಯಷ್ಟೆ. ಒಳಗೆ ಹೋದಷ್ಟೂ ಬೆಳಕು ಕಡಿಮೆ. ಒಳಗೆ ಹೋಗತಕ್ಕವರ ಸಂಖ್ಯೆಯೂ ಕಡಿಮೆ. ಯೆರೂಸಲೇಮಿನಲ್ಲಿಯೂ ಹೀಗೆಯೇ ಇತ್ತು. ಎಲ್ಲಕ್ಕೂ ಹೊರಗೆ ಅನ್ಯಜನರ ಅಂಗಳ, ಅದರೊಳಗೆ ಸ್ತ್ರೀಯರ ಅಂಗಳ, ಅದರೊಳಗೆ ಇಸ್ರಾಯೇಲ್ಯ ಪುರುಷರ ಅಂಗಳ, ಅನಂತರ ಯಾಜಕರ ಅಂಗಳ, ಆಮೇಲೆ ಪವಿತ್ರಸ್ಥಾನ, ಕಡೆಗೆ ತೆರೆಯ ಹಿಂದೆ ಮಹಾಪವಿತ್ರಸ್ಥಾನ. ಆ ಕಡೆಯ ಕೋಣೆಗೆ ಮಹಾಯಾಜಕನೊಬ್ಬನೇ, ವರುಷಕ್ಕೆ ಒಂದೇ ದಿನ, ರಕ್ತವನ್ನು ಹಿಡಿದುಕೊಂಡು ಹೋಗುತ್ತಿದ್ದನು. ಆದರೂ ಒಂದು ದೊಡ್ಡ ಭೇದವುಂಟು. ನಮ್ಮ ಗರ್ಭಗುಡಿಗಳಲ್ಲಿ ಮೂರ್ತಿಯಿದೆ. ಯೆರೂಸಲೇಮಿನ ಆ ಕೋಣೆಯಲ್ಲಿ ಯಾವ ಮೂರ್ತಿಯೂ ಇರಲಿಲ್ಲ. ಕ್ರಿಸ್ತಪೂರ್ವ ೬೩ರಲ್ಲಿ ರೋಮಿನ ಸೇನಾಪತಿಯಾದ ಪಾಂಪೇಯನು ಬಲಾತ್ಕಾರದಿಂದ ಒಳಗೆ ನುಗ್ಗಿ ನೋಡಿದಾಗ ಅದು ಬರಿದಾಗಿತ್ತು.

ಗ್ರೀಕು ಭಾಷೆಯ ಹೊಸ ಒಡಂಬಡಿಕೆಯಲ್ಲಿ ದೇವಾಲಯಕ್ಕೆ ಎರಡು ಮಾತುಗಳು ಉಂಟು. ಒಂದು ಹಿಯೆರೋನ್, ಇದು ಅಂಗಳ, ಮಂಟಪ, ವ್ಯಾಪಾರಿಗಳು ಕೂತ ಜಾಗ, ಎಲ್ಲವನ್ನೂ ಒಳಗೊಂಡ ಇಡೀ ಆವರಣ. ಇನ್ನೊಂದು ನಾಓಸ್, ಇದು ಒಳಗಣ ಪವಿತ್ರ ಮಂದಿರ, ನಾವು ಗರ್ಭಗುಡಿಯೆಂದು ಹೇಳುವದಕ್ಕೆ ಸಮೀಪವಾದ ಮಾತು. ಕನ್ನಡದಲ್ಲಿ ಎರಡಕ್ಕೂ ಬಹುಮಟ್ಟಿಗೆ ಆಲಯ, ದೇವಾಲಯವೆಂದೇ ಹೇಳುವದರಿಂದ ಈ ಭೇದವು ನಮ್ಮ ಕಣ್ಣಿಗೆ ಬೀಳುವದಿಲ್ಲ. ಇದಲ್ಲದೆ ನಾವು ಆರಾಧನೆಗೆ ಕೂಡುವ ಕಟ್ಟಡವನ್ನೂ ದೇವಾಲಯವೆಂದೇ ಕರೆಯುತ್ತೇವೆ. ಪ್ರಕಟಣೆಯ ಪುಸ್ತಕದಲ್ಲಿ ಹಿಯೆರೋನ್ ಎಂಬ ಮಾತು ಒಂದು ಸಾರಿಯೂ ಬರುವದಿಲ್ಲ. ನಾಓಸ್ ಎಂಬ ಮಾತು ೧೬ ಸಾರಿ ಬರುತ್ತದೆ. ಅಂದರೆ ಯೋಹಾನನ ಲಕ್ಷ್ಯವು ಗೋಪುರದ ಎತ್ತರದ ಮೇಲೆ ಇಲ್ಲ, ಪ್ರಾಕಾರದ ಅಗಲದ ಮೇಲೆಯೂ ಇಲ್ಲ. ದೇವರ ಸನ್ನಿಧಿಯು ಎಲ್ಲಿದೆ, ಅದರೊಳಗೆ ಯಾರು ಹೋಗಬಲ್ಲರು ಎಂಬ ಒಂದೇ ಪ್ರಶ್ನೆಯ ಮೇಲೆ ಅವನ ಕಣ್ಣು ನೆಟ್ಟಿದೆ.

೨. ಯಾವ ಕಾಲದಲ್ಲಿ ಈ ದರ್ಶನವು ಕಂಡಿತು?

ಕ್ರಿಸ್ತಶಕ ೭೦ರಲ್ಲಿ ತೀತನ ದಂಡು ಯೆರೂಸಲೇಮನ್ನು ಹಿಡಿದು ದೇವಾಲಯವನ್ನು ಸುಟ್ಟುಹಾಕಿತು. ಪ್ರಕಟಣೆಯ ಪುಸ್ತಕವು ಸುಮಾರು ೯೫ನೆಯ ವರುಷದಲ್ಲಿ, ದೊಮಿತಿಯಾನನೆಂಬ ಚಕ್ರವರ್ತಿಯ ಕಾಲದಲ್ಲಿ ಬರೆಯಲ್ಪಟ್ಟಿತೆಂದು ಹೆಚ್ಚಿನ ವಿದ್ವಾಂಸರು ಹೇಳುತ್ತಾರೆ. ಹಾಗೆಂದ ಮೇಲೆ ಪತ್ಮೋಸ್ ದ್ವೀಪದಲ್ಲಿ ಯೋಹಾನನು ಈ ದರ್ಶನಗಳನ್ನು ಕಂಡಾಗ ಭೂಮಿಯ ಮೇಲಣ ಆಲಯವು ಬಿದ್ದು ಇಪ್ಪತ್ತೈದು ವರುಷಗಳಾಗಿದ್ದವು. ನಮ್ಮ ವಿಜಯನಗರ ಬಡಾವಣೆಗೆ ಯಾವ ರಾಜಧಾನಿಯ ಹೆಸರು ಇಡಲ್ಪಟ್ಟಿದೆಯೋ ಆ ಹಂಪೆಯನ್ನು ನೋಡಿದವರು ಈ ದುಃಖವನ್ನು ಸ್ವಲ್ಪ ಊಹಿಸಬಹುದು. ೧೫೬೫ರ ಯುದ್ಧದ ತರುವಾಯ ಆ ಪಟ್ಟಣವು ಹಾಳಾಯಿತು. ವಿಜಯವಿಠ್ಠಲನ ಗುಡಿಯ ಕಲ್ಲಿನ ರಥವೂ ಕಂಬಗಳೂ ಇಂದಿಗೂ ನಿಂತಿವೆ, ಆದರೆ ಗರ್ಭಗುಡಿಯು ಬರಿದಾಗಿದೆ, ದೀಪ ಹಚ್ಚುವವರಿಲ್ಲ. ಯೆರೂಸಲೇಮಿನಲ್ಲಿಯಾದರೋ ಮಂದಿರದ ಗೋಡೆಗಳೂ ಉಳಿಯಲಿಲ್ಲ. ಅದನ್ನು ಹೊತ್ತಿದ್ದ ಜಗಲಿಯ ಸುತ್ತುಗೋಡೆ ಮಾತ್ರ ಉಳಿಯಿತು.

ಆಗ ಭಕ್ತರ ಎದೆಯಲ್ಲಿ ಎದ್ದ ಪ್ರಶ್ನೆ ಇದು: ಆಲಯವು ಸುಟ್ಟುಹೋದ ಮೇಲೆ ದೇವರು ಎಲ್ಲಿ? ಬೆಂಕಿಯಿಟ್ಟವರೇ ಗೆದ್ದರೋ? ಇದಕ್ಕೆ ಉತ್ತರವಾಗಿಯೇ ಪರಲೋಕದ ಆಲಯವು ತೋರಿಸಲ್ಪಟ್ಟಿತು. ಮೋಶೆಯು ಗುಡಾರವನ್ನು ಮಾಡಿದಾಗ ಬೆಟ್ಟದ ಮೇಲೆ ಕಂಡ ಮಾದರಿಯ ಪ್ರಕಾರ ಮಾಡಿದನೆಂದು ವಿಮೋಚನಕಾಂಡದ ೨೫ನೆಯ ಅಧ್ಯಾಯವು ತಿಳಿಸುತ್ತದೆ. ಭೂಮಿಯ ಮೇಲಿದ್ದದ್ದು ಛಾಯೆ, ನಿಜವಾದದ್ದು ಮೇಲಿದೆ ಎಂದು ಇಬ್ರಿಯರಿಗೆ ಬರೆದ ಪತ್ರಿಕೆಯ ೮ ಮತ್ತು ೯ನೆಯ ಅಧ್ಯಾಯಗಳು ವಿವರಿಸುತ್ತವೆ. ಮರವನ್ನು ಕಡಿದವನು ನೆರಳನ್ನೂ ತೆಗೆದುಹಾಕುವನು. ಆದರೆ ನೆರಳನ್ನು ಕಡಿಯುವವನು ಮರಕ್ಕೆ ಏನು ಮಾಡಾನು? ತೀತನು ಸುಟ್ಟದ್ದು ನೆರಳನ್ನು.

ಮಂಜೂಷದ ಸಂಗತಿಯೂ ಹೀಗೆಯೇ. ಬಾಬೆಲಿನವರು ಕ್ರಿಸ್ತಪೂರ್ವ ೫೮೬ರ ಸುಮಾರಿಗೆ ಸೊಲೊಮೋನನ ಆಲಯವನ್ನು ಕೆಡವಿದ ಮೇಲೆ ಮಂಜೂಷವು ಯಾರಿಗೂ ಸಿಕ್ಕಲಿಲ್ಲ. ಎರಡನೆಯ ಆಲಯದಲ್ಲಿ ಅದು ಇರಲೇ ಇಲ್ಲ. ಕಳೆದುಹೋಗಿ ಏಳು ನೂರು ವರುಷಗಳಾಗುತ್ತಾ ಬಂದ ಆ ಮಂಜೂಷವನ್ನು ಯೋಹಾನನು ಪರಲೋಕದಲ್ಲಿ ಕಾಣುತ್ತಾನೆ. ಮರದ ಪೆಟ್ಟಿಗೆಯು ಮೇಲಕ್ಕೆ ಹಾರಿಹೋಯಿತೆಂದು ಇದರ ಅರ್ಥವಲ್ಲ. ದೇವರು ತನ್ನ ಜನರೊಂದಿಗೆ ಮಾಡಿದ ಒಡಂಬಡಿಕೆಯು ಕಳೆದುಹೋಗಿಲ್ಲ, ಅದು ಮನುಷ್ಯರ ಕೈಗೆ ಸಿಕ್ಕದ ಸ್ಥಳದಲ್ಲಿ ಭದ್ರವಾಗಿದೆ ಎಂಬುವದೇ ಇದರ ಅರ್ಥ.

೩. ನಡುವಣ ಗೋಡೆ

ಈಗ ನಾವು ಪ್ರಶ್ನೆಯ ಒಳಗಣ ಭಾಗಕ್ಕೆ ಬಂದೆವು. ಹೆರೋದನು ಕಟ್ಟಿಸಿದ ದೇವಾಲಯದಲ್ಲಿ ಅನ್ಯಜನರ ಅಂಗಳಕ್ಕೂ ಒಳ ಅಂಗಳಗಳಿಗೂ ನಡುವೆ ಒಂದು ಕಲ್ಲಿನ ಅಡ್ಡಗೋಡೆಯಿತ್ತು. ಅದರ ಮೇಲೆ ಅಲ್ಲಲ್ಲಿ ಶಿಲಾಶಾಸನಗಳು ಇದ್ದವು. ಅವುಗಳಲ್ಲಿ ಒಂದನ್ನು ೧೮೭೧ರಲ್ಲಿ ಕ್ಲೆರ್ಮೋಂ-ಗಾನೋ ಎಂಬ ಫ್ರೆಂಚ್ ವಿದ್ವಾಂಸನು ಯೆರೂಸಲೇಮಿನಲ್ಲಿ ಕಂಡುಹಿಡಿದನು. ಆ ಕಲ್ಲು ಈಗ ಇಸ್ತಾಂಬುಲಿನ ವಸ್ತುಸಂಗ್ರಹಾಲಯದಲ್ಲಿದೆ. ಅನ್ಯನಾದ ಯಾವನೂ ಈ ಗೋಡೆಯನ್ನು ದಾಟಬಾರದು, ದಾಟಿ ಸಿಕ್ಕಿಬಿದ್ದವನು ತನ್ನ ಮರಣಕ್ಕೆ ತಾನೇ ಹೊಣೆಯಾಗುವನು ಎಂಬ ಎಚ್ಚರಿಕೆಯು ಅದರ ಮೇಲೆ ಗ್ರೀಕಿನಲ್ಲಿ ಕೆತ್ತಲ್ಪಟ್ಟಿದೆ. ಎಫೆಸದವನಾದ ತ್ರೊಫಿಮನನ್ನು ಪೌಲನು ಒಳಗೆ ಕರೆದುಕೊಂಡು ಬಂದನೆಂಬ ಸುಳ್ಳು ಸುದ್ದಿಗೇ ಜನರು ಪೌಲನನ್ನು ಕೊಲ್ಲುವದಕ್ಕೆ ಎದ್ದರೆಂದು ಅಪೊಸ್ತಲರ ಕೃತ್ಯಗಳ ೨೧ನೆಯ ಅಧ್ಯಾಯದಲ್ಲಿ ಓದುತ್ತೇವೆ.

ಈ ಕಲ್ಲಿನ ಮಾತು ನಮಗೆ ದೂರದ ಮಾತಲ್ಲ. ನಮ್ಮ ತಾತಮುತ್ತಾತಂದಿರಲ್ಲಿ ಅನೇಕರು ಗುಡಿಯ ಹೊರಗೆ, ತೇರಿನ ಬೀದಿಯ ಆಚೆ, ಕೈಮುಗಿದು ನಿಂತವರೇ. ಉಡುಪಿಯಲ್ಲಿ ಕನಕದಾಸರು ಹೊರಗೆ ನಿಂತು ಹಾಡಲು ಗೋಡೆ ಬಿರಿದು ಮೂರ್ತಿಯೇ ಅವರ ಕಡೆಗೆ ತಿರುಗಿತೆಂದು ನಾಡಿನವರು ಹೇಳುತ್ತಾರೆ. ಕನಕನ ಕಿಂಡಿಯೆಂದು ಅದನ್ನು ಇಂದಿಗೂ ತೋರಿಸುತ್ತಾರೆ. ಆ ಕಥೆಯನ್ನು ಹೇಗೆ ತಿಳಿದುಕೊಂಡರೂ, ಹೊರಗೆ ನಿಲ್ಲಿಸಲ್ಪಟ್ಟವರ ಹಂಬಲವು ಅದರಲ್ಲಿದೆಯೆಂಬುವದು ನಿಶ್ಚಯ. ೧೯೩೬ರಲ್ಲಿ ತಿರುವಾಂಕೂರಿನ ಮಹಾರಾಜರು ತಮ್ಮ ಸಂಸ್ಥಾನದ ಗುಡಿಗಳನ್ನು ಎಲ್ಲಾ ಹಿಂದೂಗಳಿಗೂ ತೆರೆಯಿಸಿದರು. ದಕ್ಷಿಣ ಕನ್ನಡದ ಮೂಲ್ಕಿಯ ವೆಂಕಟರಮಣ ದೇವಸ್ಥಾನದ ವ್ಯಾಜ್ಯದಲ್ಲಿ ೧೯೫೭ರಲ್ಲಿ ದೇಶದ ಸರ್ವೋಚ್ಚ ನ್ಯಾಯಾಲಯವು ತೀರ್ಪುಕೊಟ್ಟು, ಕೆಲವು ವಿಶೇಷ ಪೂಜೆಗಳನ್ನು ಆ ಸಮಾಜದವರಿಗೇ ಬಿಟ್ಟು, ಉಳಿದಂತೆ ಗುಡಿಯ ಬಾಗಿಲು ಎಲ್ಲಾ ಹಿಂದೂಗಳಿಗೂ ತೆರೆದಿರತಕ್ಕದ್ದೆಂದು ಹೇಳಿತು. ಹೀಗೆ ಬಾಗಿಲ ಮುಂದೆ ನಿಂತವನ ಪ್ರಶ್ನೆಯು ನಮ್ಮ ನಾಡಿನ ಪ್ರಶ್ನೆಯೇ ಆಗಿದೆ.

ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಪ್ರಕಟಣೆಯ ೭ನೆಯ ಅಧ್ಯಾಯವನ್ನು ಓದೋಣ. ಎಣಿಸಲಾಗದ ಮಹಾಸಮೂಹವು ಅಲ್ಲಿ ಕಾಣಿಸುತ್ತದೆ. ಅವರು ಯಾವ ಕುಲದವರು? ಎಲ್ಲಾ ಜನಾಂಗ, ಕುಲ, ಪ್ರಜೆ, ಭಾಷೆಗಳವರು. ಅವರು ಎಲ್ಲಿ ನಿಂತಿದ್ದಾರೆ? ಅಡ್ಡಗೋಡೆಯ ಹೊರಗಲ್ಲ, ಸಿಂಹಾಸನದ ಮುಂದೆ. ಅವರು ಏನು ಮಾಡುತ್ತಾರೆ? ಹಗಲಿರುಳೂ ಆಲಯದಲ್ಲಿ ಸೇವೆಮಾಡುತ್ತಾರೆ. ಆ ೧೫ನೆಯ ವಚನದಲ್ಲಿರುವ ಮಾತು ನಾಓಸ್ ಎಂಬುವದೇ. ಯಾವ ಒಳಗುಡಿಯೊಳಗೆ ಇಸ್ರಾಯೇಲ್ಯನಾದರೂ ಯಾಜಕನಲ್ಲದವನು ಕಾಲಿಡಲಾರದೆ ಇದ್ದನೋ ಆ ಒಳಗುಡಿಯಲ್ಲಿ ಇವರು ಸೇವಕರಾಗಿದ್ದಾರೆ. ಭೂಮಿಯ ಮೇಲೆ ಅಂಗಳವನ್ನೂ ದಾಟಲಾರದವರು ಪರಲೋಕದಲ್ಲಿ ಗರ್ಭಗುಡಿಯ ಯಾಜಕರು! ಅವರು ಒಳಗೆ ಬಂದದ್ದು ಯಾರ ಕನಿಕರದ ಅಪ್ಪಣೆಯಿಂದಲೂ ಅಲ್ಲ. ಯಜ್ಞದ ಕುರಿಯಾದಾತನ ರಕ್ತದಲ್ಲಿ ತಮ್ಮ ನಿಲುವಂಗಿಗಳನ್ನು ತೊಳೆದುಕೊಂಡದ್ದರಿಂದ. ಕ್ರಿಸ್ತನು ತನ್ನ ದೇಹದಲ್ಲಿ ನಡುಗೋಡೆಯನ್ನು ಕೆಡವಿದನೆಂದು ಪೌಲನು ಎಫೆಸದವರಿಗೆ ಬರೆದಾಗ, ತ್ರೊಫಿಮನ ಊರಿನವರಿಗೆ ಆ ಮಾತಿನ ಅರ್ಥವು ಚೆನ್ನಾಗಿ ತಿಳಿದಿರಬೇಕು.

೪. ಪಟ್ಟಣವೇ ಗರ್ಭಗುಡಿಯಾದದ್ದು

ಹಾಗಾದರೆ ೨೧ನೆಯ ಅಧ್ಯಾಯದಲ್ಲಿ ಆಲಯವು ಯಾಕೆ ಇಲ್ಲ? ಇದಕ್ಕೆ ಉತ್ತರವು ಅಳತೆಯಲ್ಲಿ ಅಡಗಿದೆ. ದೇವದೂತನು ಪಟ್ಟಣವನ್ನು ಅಳೆದಾಗ ಅದರ ಉದ್ದ, ಅಗಲ, ಎತ್ತರ ಮೂರೂ ಸಮವಾಗಿದ್ದವು. ಒಂದೊಂದು ಗ್ರೀಕರ ಅಳತೆಯ ಪ್ರಕಾರ ೧೨,೦೦೦ ಸ್ತಾದಿಯ, ಅಂದರೆ ಸುಮಾರು ೨,೨೦೦ ಕಿಲೋಮೀಟರು. ಬೆಂಗಳೂರಿನಿಂದ ದಿಲ್ಲಿಯನ್ನು ದಾಟಿಹೋಗುವಷ್ಟು ದೂರ. ಎತ್ತರವೂ ಅಷ್ಟೇ ಇರುವ ಪಟ್ಟಣವನ್ನು ಯಾರು ಕಂಡಿದ್ದಾರೆ? ಓದುವವರು ಇದನ್ನು ಕೇಳಿ ತಲೆದೂಗಿ ಮುಂದಕ್ಕೆ ಹೋಗಿಬಿಡುತ್ತಾರೆ. ಆದರೆ ಸತ್ಯವೇದದಲ್ಲಿ ಮೂರು ಕಡೆಯೂ ಸಮವಾಗಿರುವ ಇನ್ನೊಂದು ಸ್ಥಳವು ಇದೆ. ಒಂದನೆಯ ಅರಸುಗಳು ೬ನೆಯ ಅಧ್ಯಾಯದ ೨೦ನೆಯ ವಚನವನ್ನು ನೋಡಿರಿ. ಸೊಲೊಮೋನನ ಆಲಯದ ಮಹಾಪವಿತ್ರಸ್ಥಾನವು ೨೦ ಮೊಳ ಉದ್ದ, ೨೦ ಮೊಳ ಅಗಲ, ೨೦ ಮೊಳ ಎತ್ತರವಾಗಿದ್ದು, ಚೊಕ್ಕ ಬಂಗಾರದಿಂದ ಹೊದಿಸಲ್ಪಟ್ಟಿತ್ತು. ಹೊಸ ಪಟ್ಟಣವೂ ಚೊಕ್ಕ ಬಂಗಾರವೇ.

ಈಗ ಗೂಢಾರ್ಥವು ಬಿಚ್ಚಿಕೊಳ್ಳುತ್ತದೆ. ಪಟ್ಟಣದಲ್ಲಿ ಆಲಯವಿಲ್ಲ, ಯಾಕಂದರೆ ಪಟ್ಟಣವೆಲ್ಲವೂ ಮಹಾಪವಿತ್ರಸ್ಥಾನವಾಗಿದೆ. ಇಪ್ಪತ್ತು ಮೊಳದ ಕತ್ತಲೆಯ ಕೋಣೆಯು ಎಲ್ಲಾ ಜನಾಂಗಗಳೂ ವಾಸಿಸಬಹುದಾದ ಬೆಳಕಿನ ಪಟ್ಟಣವಾಗಿ ಹಬ್ಬಿಕೊಂಡಿದೆ. ಮಹಾಯಾಜಕನು ಮಾತ್ರ ತನ್ನ ಹಣೆಯ ಮೇಲೆ ಕರ್ತನ ನಾಮವಿದ್ದ ಚಿನ್ನದ ಪಟ್ಟಿಯನ್ನು ಧರಿಸುತ್ತಿದ್ದನು; ೨೨ನೆಯ ಅಧ್ಯಾಯದಲ್ಲಿ ಆತನ ಸೇವಕರೆಲ್ಲರ ಹಣೆಯ ಮೇಲೆಯೂ ಆತನ ಹೆಸರಿದೆ. ವರುಷಕ್ಕೆ ಒಂದು ದಿನ ಮಾತ್ರ ತೆರೆ ಸರಿಯುತ್ತಿತ್ತು. ಆ ಪಟ್ಟಣದ ಹೆಬ್ಬಾಗಿಲುಗಳನ್ನು ಎಂದಿಗೂ ಮುಚ್ಚುವದಿಲ್ಲ. ದೇವರೂ ಯಜ್ಞದ ಕುರಿಯಾದಾತನೂ ಅದಕ್ಕೆ ಆಲಯವೆಂದು ಯೋಹಾನನು ಹೇಳುವದರ ತಾತ್ಪರ್ಯವು ಇದೇ.

ಕೆಂಗೇರಿಯ ಸುತ್ತಲೂ ಎತ್ತರವಾದ ಮನೆಗಳು ದಿನದಿನಕ್ಕೆ ಏಳುತ್ತಿರುವದನ್ನು ನಾವು ಕಾಣುತ್ತೇವೆ. ಕಟ್ಟುವಾಗ ಸುತ್ತಲೂ ಸಾರ್ವೆ ಕಟ್ಟುತ್ತಾರೆ. ಸಾರ್ವೆಯಿಲ್ಲದೆ ಗಾರೆಯವನು ಮೇಲೆ ನಿಲ್ಲಲಾರನು; ಆದರೂ ಮನೆ ಮುಗಿದ ದಿನ ಅದನ್ನು ಬಿಚ್ಚುತ್ತಾರೆ, ಬಿಚ್ಚಿದ್ದಕ್ಕಾಗಿ ಯಾರೂ ಅಳುವದಿಲ್ಲ. ಗುಡಾರ, ಸೊಲೊಮೋನನ ಆಲಯ, ಹೆರೋದನ ಆಲಯ ಇವೆಲ್ಲವೂ ಸಾರ್ವೆಯಂತಿದ್ದವು. ದೇವರು ಮನುಷ್ಯರ ನಡುವೆ ವಾಸಿಸುವದೇ ಮನೆ. ಕಂಬದ ವಾಗ್ದಾನವನ್ನು ಹೊಂದಿದವನು ಎಲ್ಲಿ ನಿಲ್ಲುವನೆಂಬ ಪ್ರಶ್ನೆಗೂ ಇಲ್ಲಿ ಉತ್ತರವಾಯಿತು. ಆ ವಾಗ್ದಾನವು ಫಿಲದೆಲ್ಫಿಯದವರಿಗೆ ಕೊಡಲ್ಪಟ್ಟದ್ದು. ಕ್ರಿಸ್ತಶಕ ೧೭ರಲ್ಲಿ ಆ ಊರು ಭೂಕಂಪದಿಂದ ಹಾಳಾಯಿತು. ಪದೇ ಪದೇ ಗೋಡೆ ಬಿರಿಯುತ್ತಿದ್ದದರಿಂದ ಅನೇಕರು ಊರ ಹೊರಗೆ ಹೊಲಗಳಲ್ಲಿ ವಾಸಿಸುತ್ತಿದ್ದರೆಂದು ಸ್ತ್ರಾಬೋ ಎಂಬ ಗ್ರಂಥಕರ್ತನು ಬರೆದಿದ್ದಾನೆ. ಮನೆಯಿಂದ ಹೊರಗೆ ಓಡಿ ಓಡಿ ಬೇಸತ್ತವರಿಗೆ, ಇನ್ನು ಮೇಲೆ ನೀವು ಹೊರಗೆ ಹೋಗುವ ಅವಶ್ಯವೇ ಇಲ್ಲವೆಂಬ ಮಾತು ಎಷ್ಟು ಸಿಹಿಯಾಗಿದ್ದಿರಬೇಕು! ದೇವರೇ ಆಲಯವಾದರೆ ಆತನಲ್ಲಿ ಸ್ಥಿರವಾಗಿ ನಿಂತವನೇ ಕಂಬ.

ನಮ್ಮ ಬಸವೇಶ್ವರನಗರಕ್ಕೆ ಹೆಸರು ಕೊಟ್ಟ ಬಸವಣ್ಣನವರು ೧೨ನೆಯ ಶತಮಾನದಲ್ಲಿಯೇ, ಧನಿಕನು ಕಲ್ಲಿನ ಗುಡಿಯನ್ನು ಕಟ್ಟಿಸಲಿ, ಬಡವನಿಗೆ ಅವನ ಶರೀರವೇ ಗುಡಿಯೆಂಬ ಭಾವವನ್ನು ತಮ್ಮ ವಚನದಲ್ಲಿ ಹೇಳಿದ್ದಾರೆ. ಈ ಮಾತನ್ನು ಕೇಳಿ ಬೆಳೆದ ಕನ್ನಡಿಗನಿಗೆ, ನಿಮ್ಮ ದೇಹವು ಪವಿತ್ರಾತ್ಮನ ಆಲಯವೆಂಬ ಪೌಲನ ಬೋಧನೆಯು ಅಪರಿಚಿತವಾಗಿ ತೋರುವದಿಲ್ಲ. ಆದರೆ ಪೌಲನು ಕೊರಿಂಥದವರಿಗೆ ಇನ್ನೊಂದು ಮಾತನ್ನೂ ಕೂಡಿಸುತ್ತಾನೆ. ಮೊದಲನೆಯ ಪತ್ರಿಕೆಯ ೩ನೆಯ ಅಧ್ಯಾಯದಲ್ಲಿ ನೀವೆಲ್ಲರೂ ಕೂಡಿ ಒಂದೇ ಆಲಯವೆಂದು ಹೇಳುತ್ತಾನೆ. ಒಬ್ಬನ ದೇಹವು ಆಲಯವಾದರೆ ಸಾಲದು. ಪಕ್ಕದಲ್ಲಿ ಕೂತವನೊಂದಿಗೆ ಜೋಡಿಸಲ್ಪಟ್ಟರೆ ಮಾತ್ರ ಗೋಡೆ ಏಳುವದು. ಬೇರೆ ಬೇರೆಯಾಗಿ ಬಿದ್ದಿರುವ ಕಲ್ಲುಗಳಿಗೆ ಕಲ್ಲಿನ ರಾಶಿಯೆಂದು ಹೆಸರೇ ಹೊರತು ಆಲಯವೆಂದು ಯಾರೂ ಹೇಳರು.

೫. ಮೂರನೆಯ ದೇವಾಲಯವೂ ದಿನಗಣನೆಯೂ

ಯೆರೂಸಲೇಮಿನಲ್ಲಿ ಇನ್ನೊಂದು ಆಲಯವು ಕಟ್ಟಲ್ಪಡಬೇಕೆಂದು ಬೋಧಿಸುವವರು ಥೆಸಲೋನಿಕದವರಿಗೆ ಬರೆದ ಎರಡನೆಯ ಪತ್ರಿಕೆಯ ೨ನೆಯ ಅಧ್ಯಾಯವನ್ನೂ ಪ್ರಕಟಣೆಯ ೧೧ನೆಯ ಅಧ್ಯಾಯದ ಅಳತೆಯನ್ನೂ ತೋರಿಸುತ್ತಾರೆ. ಅಧರ್ಮಸ್ವರೂಪನು ದೇವರ ಆಲಯದಲ್ಲಿ ಕೂತುಕೊಳ್ಳುವನೆಂದು ಪೌಲನು ಬರೆದದ್ದು ನಿಜ. ಆದರೆ ಪೌಲನು ಅದನ್ನು ಬರೆದಾಗ ಎರಡನೆಯ ಆಲಯವು ಇನ್ನೂ ನಿಂತಿತ್ತು. ಇದಲ್ಲದೆ ಸಭೆಯನ್ನೇ ದೇವರ ಆಲಯವೆಂದು ಕರೆದವನೂ ಅವನೇ. ಭಕ್ತಿವಂತರಾದ ಪಂಡಿತರು ಇದರ ವಿಷಯದಲ್ಲಿ ಭಿನ್ನಾಭಿಪ್ರಾಯವುಳ್ಳವರಾಗಿದ್ದಾರೆ. ಆದಕಾರಣ ಇದೇ ನಂಬಿಕೆಯ ಅಸ್ತಿವಾರವೆಂದು ಯಾರಾದರೂ ಹೇಳಿದರೆ ನಾವು ಒಪ್ಪಬೇಕಾಗಿಲ್ಲ.

ಚರಿತ್ರೆಯೂ ನಮಗೆ ಬುದ್ಧಿ ಹೇಳುತ್ತದೆ. ೩೬೩ರಲ್ಲಿ ಯೂಲಿಯಾನನೆಂಬ ಚಕ್ರವರ್ತಿಯು ಯೆರೂಸಲೇಮಿನ ಆಲಯವನ್ನು ತಿರಿಗಿ ಕಟ್ಟಿಸಲು ಆರಂಭಿಸಿದನು. ಕೆಲಸವು ನಿಂತುಹೋಯಿತು, ಅದೇ ವರುಷ ಅವನು ಯುದ್ಧದಲ್ಲಿ ಸತ್ತನು. ಅಮೇರಿಕದಲ್ಲಿ ವಿಲಿಯಮ್ ಮಿಲ್ಲರ್ ಎಂಬವನೂ ಅವನ ಜೊತೆಯವರೂ ದಾನಿಯೇಲನ ೮ನೆಯ ಅಧ್ಯಾಯದ ೨,೩೦೦ ದಿನಗಳನ್ನು ವರುಷಗಳೆಂದು ಎಣಿಸಿದರು. ಶುದ್ಧಿಯಾಗಬೇಕಾದ ಪವಿತ್ರಸ್ಥಾನವು ಈ ಭೂಮಿಯೇ ಎಂದು ಅವರು ತಿಳಿದು, ೧೮೪೪ನೆಯ ಅಕ್ಟೋಬರ್ ೨೨ರಂದು ಕರ್ತನು ಬರುವನೆಂದು ಕಾದರು. ಆ ದಿನ ಹೊರಟುಹೋಯಿತು, ಅನೇಕರ ಎದೆಯೊಡೆಯಿತು. ಆಮೇಲೆ ಅವರಲ್ಲಿ ಕೆಲವರು, ಆ ಪವಿತ್ರಸ್ಥಾನವು ಭೂಮಿಯಲ್ಲ, ಪರಲೋಕದ ಆಲಯವೇ ಎಂದು ಬೇರೆ ಅರ್ಥವನ್ನು ಮಾಡಿದರು. ಅವರ ಭಕ್ತಿಯನ್ನು ನಾವು ಹಾಸ್ಯಮಾಡಬಾರದು. ಆದರೆ ಆ ದಿನವೂ ಗಳಿಗೆಯೂ ತಂದೆಯ ಹೊರತು ಯಾರಿಗೂ ತಿಳಿಯದೆಂದು ಕರ್ತನೇ ಹೇಳಿರುವಾಗ, ಆಲಯದ ದರ್ಶನವನ್ನು ಪಂಚಾಂಗದಂತೆ ಓದುವದು ಅದನ್ನು ಕೊಟ್ಟ ಉದ್ದೇಶಕ್ಕೆ ವಿರೋಧವಾದದ್ದು. ಅದು ಕೊಡಲ್ಪಟ್ಟದ್ದು ಹಿಂಸೆಯಲ್ಲಿದ್ದವರನ್ನು ಆದರಿಸುವದಕ್ಕಾಗಿಯೂ ನಿದ್ರಿಸುತ್ತಿದ್ದವರನ್ನು ಎಬ್ಬಿಸುವದಕ್ಕಾಗಿಯೂ.

೬. ಒಳಕ್ಕೆ ಬಾರದದ್ದು ಯಾವದು?

ಇಲ್ಲಿ ಒಬ್ಬನು ಆಕ್ಷೇಪಿಸಬಹುದು: ಬಾಗಿಲು ಯಾವಾಗಲೂ ತೆರೆದಿದೆಯೆಂದು ಹೇಳುತ್ತೀರಿ, ಆದರೆ ಅದೇ ೨೧ನೆಯ ಅಧ್ಯಾಯದ ಕಡೆಯ ವಚನವು, ಅಶುದ್ಧವಾದದ್ದು ಒಳಗೆ ಬಾರದೆಂದು ಹೇಳುತ್ತದಲ್ಲಾ? ಹಳೆಯ ಗೋಡೆಯು ಬಿದ್ದು ಹೊಸ ಗೋಡೆಯು ಎದ್ದಂತಾಗಲಿಲ್ಲವೇ? ಇದು ತಳ್ಳಿಹಾಕತಕ್ಕ ಆಕ್ಷೇಪವಲ್ಲ. ಆದರೆ ಯೋಹಾನನು ಅಶುದ್ಧವೆಂದು ಯಾವದನ್ನು ಎಣಿಸುತ್ತಾನೆಂದು ನೋಡಿರಿ. ಹುಟ್ಟಿದ ಕುಲವನ್ನಲ್ಲ, ಮುಟ್ಟಿದ ವಸ್ತುವನ್ನಲ್ಲ, ತೊಗಲಿನ ಕೆಲಸವನ್ನಲ್ಲ, ಪೊರಕೆ ಹಿಡಿದ ಕೈಯನ್ನಲ್ಲ. ಅಸಹ್ಯವಾದದ್ದನ್ನು ನಡಿಸುವವನನ್ನೂ ಸುಳ್ಳಾಡುವವನನ್ನೂ ಅವನು ಹೆಸರಿಸುತ್ತಾನೆ. ಹುಟ್ಟನ್ನು ಯಾರೂ ಬದಲಾಯಿಸಲಾರರು. ಸುಳ್ಳನ್ನಾದರೋ ಈ ಹೊತ್ತೇ ಬಿಡಬಹುದು. ಹುಟ್ಟಿನ ಗೋಡೆಯು ಮನುಷ್ಯನನ್ನು ಎಂದೆಂದಿಗೂ ಹೊರಗಿಡುತ್ತದೆ. ಪರಿಶುದ್ಧತೆಯ ಹೊಸ್ತಿಲು ಅವನನ್ನು ತೊಳೆದುಕೊಂಡು ಬಾ ಎಂದು ಕರೆಯುತ್ತದೆ. ಎರಡಕ್ಕೂ ಇರುವ ಅಂತರವು ಸಣ್ಣದಲ್ಲ.

ಪರಿಶುದ್ಧತೆಯ ಸಂಗತಿಯನ್ನು ತಿಳಿಯುವದಕ್ಕೆ ಕೆಂಗೇರಿಯವರಿಗೆ ದಿನವೂ ಕಾಣುವ ಒಂದು ದೃಷ್ಟಾಂತವಿದೆ. ವೃಷಭಾವತಿಯು ಬಸವನಗುಡಿಯ ದೊಡ್ಡ ಬಸವನ ಪಾದದ ಬಳಿಯಲ್ಲಿ ಹುಟ್ಟುತ್ತದೆಂದು ಜನರು ನಂಬುತ್ತಾರೆ. ಆ ಹೊಳೆಯ ಹೆಸರೂ ವೃಷಭದಿಂದಲೇ ಬಂದದ್ದು. ಅದು ಮೈಸೂರು ರಸ್ತೆಯ ಗಾಳಿ ಆಂಜನೇಯನ ಗುಡಿಯ ಪಕ್ಕದಲ್ಲಿ ಹರಿದು, ಕೆಂಗೇರಿಯನ್ನು ದಾಟಿ, ಬಿಡದಿಯ ಹತ್ತಿರ ಭೈರಮಂಗಲದ ಕೆರೆಯನ್ನು ತುಂಬಿ, ಅರ್ಕಾವತಿಯನ್ನು ಸೇರುತ್ತದೆ. ಗುಡಿಯ ಬಳಿಯಲ್ಲಿ ಹುಟ್ಟಿತೆಂಬ ಹೊಳೆಯು ಪಟ್ಟಣದ ಕೊಚ್ಚೆಯನ್ನೂ ಕಾರ್ಖಾನೆಗಳ ವಿಷವನ್ನೂ ಹೊತ್ತು, ಹೋದಷ್ಟೂ ಕಪ್ಪಾಗುತ್ತದೆ. ಯೆಹೆಜ್ಕೇಲನು ೪೭ನೆಯ ಅಧ್ಯಾಯದಲ್ಲಿ ಕಂಡದ್ದು ಇದಕ್ಕೆ ತಿರುಗುಮುರುಗು. ದೇವಾಲಯದ ಹೊಸ್ತಿಲ ಕೆಳಗಿನಿಂದ ಹೊರಟ ನೀರು ಮೊದಲು ಹರಡಿನಷ್ಟು, ಆಮೇಲೆ ಮೊಣಕಾಲಿನಷ್ಟು, ಆಮೇಲೆ ಸೊಂಟದಷ್ಟು, ಕಡೆಗೆ ಈಜಬೇಕಾದಷ್ಟು ಆಳವಾಗಿ, ಉಪ್ಪಿನ ಸಮುದ್ರವನ್ನೇ ಸಿಹಿಮಾಡುತ್ತದೆ. ಅದರ ದಡದ ಮರಗಳ ಎಲೆಗಳು ಔಷಧಿಯಾಗುತ್ತವೆ. ಪ್ರಕಟಣೆಯ ೨೨ನೆಯ ಅಧ್ಯಾಯದಲ್ಲಿ ಅದೇ ನದಿಯು ಸಿಂಹಾಸನದಿಂದ ಹೊರಟು ಪಟ್ಟಣದ ಬೀದಿಯ ನಡುವೆ ಹರಿಯುತ್ತದೆ. ನಮ್ಮ ಆರಾಧನೆಯು ಈ ಎರಡು ಹೊಳೆಗಳಲ್ಲಿ ಯಾವದನ್ನು ಹೋಲುತ್ತದೆ? ಭಾನುವಾರ ಬಾಗಿಲಿನಿಂದ ಹೊರಟ ಭಕ್ತಿಯು ಸೋಮವಾರ ಸಂತೆಗೆ ಬರುವಷ್ಟರಲ್ಲಿ ಕಪ್ಪಾಗುತ್ತದೋ, ಇಲ್ಲವೆ ಹೋದಲ್ಲೆಲ್ಲಾ ಕಹಿಯನ್ನು ಸಿಹಿಮಾಡುತ್ತದೋ? ಪರಲೋಕದ ಆಲಯವು ತೆರೆಯಲ್ಪಡುವ ಮುಂಚಿನ ವಚನದಲ್ಲಿ, ಅಂದರೆ ೧೧ನೆಯ ಅಧ್ಯಾಯದ ೧೮ರಲ್ಲಿ, ಭೂಮಿಯನ್ನು ಹಾಳುಮಾಡುವವರಿಗೂ ನ್ಯಾಯತೀರ್ಪಿನ ಕಾಲವು ಬಂತೆಂದು ಹೇಳಲ್ಪಟ್ಟಿರುವದನ್ನು ಹೊಳೆಯ ದಡದಲ್ಲಿ ವಾಸಿಸುವವರು ಮರೆಯಬಾರದು.

೭. ನಮ್ಮ ಸಭೆಗಳಿಗೆ ತಕ್ಕ ಮಾತು

ಹಾಗಾದರೆ ನಾವು ಕಟ್ಟಡವನ್ನು ಕಟ್ಟಬಾರದೋ? ಕಟ್ಟಬಹುದು. ಮಳೆಗೆ ಛಾವಣಿ ಬೇಕು, ಮಕ್ಕಳಿಗೆ ಕೂತು ಕಲಿಯುವ ಸ್ಥಳ ಬೇಕು; ಕೈಲಾದಷ್ಟು ಚೊಕ್ಕಟವಾಗಿಯೂ ಅಂದವಾಗಿಯೂ ಅದನ್ನು ಇಟ್ಟುಕೊಳ್ಳುವದು ಗೌರವವೇ. ಸೊಲೊಮೋನನು ಆಲಯವನ್ನು ಪ್ರತಿಷ್ಠಿಸಿದ ದಿನ, ಆಕಾಶವೂ ಹಿಡಿಸಲಾರದ ದೇವರಿಗೆ ಈ ಮನೆಯು ಎಷ್ಟರದೆಂದು ತಾನೇ ಪ್ರಾರ್ಥಿಸಿದನು. ಅದೇ ಪ್ರಾರ್ಥನೆಯಲ್ಲಿ ದೂರದಿಂದ ಬರುವ ಪರದೇಶಿಯ ಮೊರೆಯನ್ನೂ ಕೇಳಬೇಕೆಂದು ಬೇಡಿದನು. ಈ ಎರಡು ಮಾತುಗಳೂ ನೆನಪಿನಲ್ಲಿದ್ದರೆ ಕಟ್ಟಡದಿಂದ ಕೇಡಿಲ್ಲ.

ಆದರೆ ಗೋಡೆಯನ್ನು ಸುಣ್ಣ ಬಳಿದು ಬೆಳ್ಳಗೆ ಮಾಡಿ, 'ಅನ್ಯನು ದಾಟಬಾರದು' ಎಂಬ ಹಳೆಯ ಕಲ್ಲನ್ನು ಹೃದಯದಲ್ಲಿ ನೆಟ್ಟುಕೊಂಡಿದ್ದರೆ ಏನು ಲಾಭ? ಕ್ರಿಸ್ತನ ಹೆಸರನ್ನು ಧರಿಸಿದ ಮೇಲೆಯೂ, ಅವರು ಯಾವ ಕುಲದಿಂದ ಬಂದವರೆಂದು ವಿಚಾರಿಸಿ ಹೆಣ್ಣು ಕೊಡದೆ ಇರುವದು, ಕರ್ತನ ಭೋಜನದಲ್ಲಿ ಕೆಲವರು ಮೊದಲು ಕೆಲವರು ಕಡೆಗೆಂದು ಮನಸ್ಸಿನಲ್ಲಿ ಎಣಿಸುವದು, ಹೆಣ ಹೂಳುವ ನೆಲದಲ್ಲಿಯೂ ಬೇರೆ ಮೂಲೆಯನ್ನು ತೋರಿಸುವದು, ಇಂಥಾವುಗಳು ನಮ್ಮ ನಾಡಿನ ಸಭೆಗಳಲ್ಲಿ ಇಲ್ಲವೆಂದು ಹೇಳಲು ಯಾರಿಗೆ ಧೈರ್ಯವುಂಟು? ರಾಯಚೂರು, ಕಲಬುರಗಿ ಸೀಮೆಗಳಿಂದ ಕಟ್ಟಡದ ಕೂಲಿಗೆ ಬಂದು ಶೆಡ್ಡುಗಳಲ್ಲಿ ವಾಸಿಸುವವರು ನಮ್ಮ ಆರಾಧನೆಗೆ ಬಂದರೆ ಚಾಪೆಯ ತುದಿಯಲ್ಲಿ ಕೂತುಕೊಳ್ಳುತ್ತಾರೆ. ಮುಂದಕ್ಕೆ ಬನ್ನಿರಿ ಅಕ್ಕಾ, ಬನ್ನಿರಿ ಅಣ್ಣಾ ಎಂದು ಕರೆಯುವವರು ಎಷ್ಟು ಮಂದಿ? ಆ ಚಾಪೆಯ ತುದಿಯೇ ನಮ್ಮ ಹೊರ ಅಂಗಳವಾಗಬಾರದು. ತಾತನು ಹೊರಗೆ ನಿಂತಿದ್ದನ್ನು ಮರೆತು ಮೊಮ್ಮಗನು ಬಾಗಿಲಿಗೆ ಅಡ್ಡನಿಂತರೆ, ಯಜ್ಞದ ಕುರಿಯಾದಾತನು ಯಾರಿಗಾಗಿ ಸತ್ತನು?

ಗುಡಿಯೆಲ್ಲಿ ಎಂದು ಕೇಳುವ ಹುಡುಗನಿಗೆ ತಾಯಿಯು ಹೀಗೆ ಹೇಳಲಿ: ಮಗನೇ, ನಮ್ಮ ದೇವರ ಗುಡಿಯು ಬಹು ದೊಡ್ಡದು, ಅದರ ಹೊರಗೆ ಯಾರನ್ನೂ ನಿಲ್ಲಿಸುವದಿಲ್ಲ, ನಾವು ಸುಳ್ಳಾಡದೆ, ನೆರೆಯವರನ್ನು ದೂರಮಾಡದೆ ಬಾಳಿದರೆ ನಮ್ಮ ಈ ತಗಡಿನ ಕೋಣೆಯೂ ಅದರದೊಂದು ಮೂಲೆಯಾಗುತ್ತದೆ. ಈ ಉತ್ತರವು ಸತ್ಯವಾಗುವಂತೆ ನಡೆದುಕೊಳ್ಳುವದು ಹಿರಿಯರಾದ ನಮ್ಮ ಭಾರ. ಕಡೆಯ ದಿನ ಯಾವದೆಂದು ನಮಗೆ ತಿಳಿಯದು. ಆದರೆ ಆ ದಿನ ಕಾಣಿಸುವ ಪಟ್ಟಣವು ಎಂಥಾದ್ದೆಂದು ತಿಳಿಸಲ್ಪಟ್ಟಿದ್ದೇವೆ. ಮುಂದೆ ಯಾವ ಊರಲ್ಲಿ ವಾಸಿಸಬೇಕೆಂದಿದ್ದೇವೋ ಆ ಊರಿನ ನಡತೆಯನ್ನು ಈಗಲೇ ಕಲಿಯೋಣ. ಬರುವ ಭಾನುವಾರ ಚಾಪೆಯ ತುದಿಯಲ್ಲಿ ಕೂತವನ ಹೆಸರನ್ನು ಕೇಳಿ, ಕೈಹಿಡಿದು, ನಮ್ಮ ಪಕ್ಕದಲ್ಲಿ ಕೂಡ್ರಿಸಿಕೊಳ್ಳೋಣ.